ಹಂಡೆಯ ತಳದ ಹೆಪ್ಪು

ಮೇಣದಕ್ಕನದು ದೊಡ್ಡ ಸಾಮ್ರಾಜ್ಯ. ಕೋಟೆಯೆಂದರೆ ತಗಡಿನ ಶೆಡ್ಡು, ಸೈನ್ಯವೆಂದರೆ ದಿನಕ್ಕೆ ನಲವತ್ತು ಮೇಣದಬತ್ತಿ, ಸಿಂಹಾಸನದ ಜಾಗದಲ್ಲಿ ಮೇಣ ಕರಗಿಸುವ ತಾಮ್ರದ ಹಂಡೆ. ಆ ಹಂಡೆಯನ್ನು ಆಕೆ ಎಂದೂ ಬರಿದು ಮಾಡಿದವಳಲ್ಲ. ಮೊಸರಿಗೆ ಹೆಪ್ಪು ಉಳಿಸುವಂತೆ ತಳದಲ್ಲಿ ನಾಲ್ಕು ಬೆರಳಷ್ಟು ಹಳೇ ಮೇಣ ಉಳಿಸುತ್ತಿದ್ದಳು. ಅದು ಗಂಡ ಹಾಕಿಕೊಟ್ಟ ಪದ್ಧತಿ. ಅಚ್ಚಿನಿಂದ ತೆಗೆದ ಬತ್ತಿ ನೆಟ್ಟಗೆ ನಿಲ್ಲಲೆಂದು, ಬಿಸಿಯಿರುವಾಗಲೇ ಬುಡವನ್ನು ಹೆಬ್ಬೆರಳಿನಿಂದ ಒತ್ತುವುದೂ ಅವನದೇ ಕೆಲಸವಾಗಿತ್ತು. ಅವನ ಹೆಬ್ಬೆರಳ ಮೇಲೆ ಅಡ್ಡಲಾಗಿ ಹಳೇ ಗಾಯದ ಗೆರೆಯೊಂದಿತ್ತು.

ಅವನು ತೀರಿಕೊಂಡು ಎಂಟು ವರ್ಷ. ಈಗ ನಲವತ್ತನ್ನೂ ಒತ್ತುವವಳು ಅಕ್ಕನೇ. ಆದರೂ ದಿನಾ ಒಂದು ಬತ್ತಿಯ ಬುಡದಲ್ಲಿ ಆ ಅಡ್ಡಗೆರೆ ಮೂಡಿರುತ್ತಿತ್ತು. ಅದನ್ನು ನೋಡಿದ ಮೇಲೆಯೇ ಅವಳಿಗೆ ಕಾಫಿ ಗಂಟಲಲ್ಲಿ ಇಳಿಯುವುದು. ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಅವಳು ನೆಂಟರ ಮನೆಗೆ ಹೋಗಿ ಬರುವಷ್ಟರಲ್ಲಿ ಮೈದುನ ಮಹೋಪಕಾರ ಮಾಡಿಟ್ಟಿದ್ದ. ಹಂಡೆ ಫಳಫಳ.

“ಅತ್ತಿಗೆ, ತಳದಲ್ಲಿ ಎಷ್ಟು ಕೊಳೆ ಇತ್ತು ಗೊತ್ತಾ? ಆ ಹಳೇ ಮೇಣಾನೆಲ್ಲ ಬೀದಿಯೋರಿಗೆ ಹಂಚ್ಬಿಟ್ಟೆ.”

“ನಿನ್ನ ಚೊಕ್ಕಟಕ್ಕಿಷ್ಟು ಬೆಂಕಿ ಬೀಳ. ಯಾರ್ಯಾರಿಗೆ ಕೊಟ್ಟೆ, ಹೇಳು.”

ಆ ದಿನದ ನಲವತ್ತು ಬತ್ತಿಗಳಲ್ಲೂ ಬರೀ ಅವಳದೇ ಹೆಬ್ಬೆರಳ ಗುರುತು. ಅಕ್ಕ ದಂಡಯಾತ್ರೆ ಹೊರಟಳು.

ಚಪ್ಪಲಿ ಹೊಲಿಯುವ ತಾತ ಮೇಣವನ್ನೆಲ್ಲ ದಾರಕ್ಕೆ ಉಜ್ಜಿ ಮುಗಿಸಿದ್ದ. ದಾರ ಎಳೆಯುತ್ತ ಎರಡು ಸಲ ಲೊಚಗುಟ್ಟಿದ. ಅವಳ ಗಂಡ ಬತ್ತಿಯ ದಾರ ಎಳೆಯುವಾಗ ಥೇಟ್ ಹೀಗೇ.

“ಈ ಚಟ ಯಾವಾಗ್ನಿಂದ ತಾತ?”

“ಯಾವ ಚಟ ತಾಯಿ?”

ಬ್ಯಾಂಡ್ ಮೇಷ್ಟ್ರು ತಮ್ಮ ಪಾಲನ್ನು ಮೀಸೆಗೆ ತೀಡಿದ್ದರು. ಎಡತುದಿ ಮೇಲೆ, ಬಲತುದಿ ಕೆಳಗೆ. ಗಂಡನ ಇಂಥದ್ದೇ ಮೀಸೆಯನ್ನು ಮೂವತ್ತು ವರ್ಷ ನೆಟ್ಟಗೆ ಮಾಡಿದ ಅಕ್ಕನ ಕೈ ತಾನಾಗಿ ಮುಂದೆ ಹೋಯಿತು.

“ಬಿಡೇ, ಹಂಗೇ ಇರ್ಲಿ,” ಎಂದರು, ಅವಳನ್ನು ಎಂದೂ ಏಕವಚನದಲ್ಲಿ ಕರೆಯದ ಮೇಷ್ಟ್ರು. ಮರುಕ್ಷಣ ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಂಡರು.

“ಬದುಕಿದ್ದಾಗ್ಲೂ ಮನೇಲಿ ನಿಂತೋರಲ್ಲ,” ಎಂದು ಗೊಣಗುತ್ತ ಅಕ್ಕ ಆ ಮೀಸೆಯಿಂದ ಸಾಸಿವೆಯಷ್ಟು ಮೇಣವನ್ನು ಉಗುರಲ್ಲಿ ಕೆರೆದು ತಂದು ಹಂಡೆಗೆ ಹಾಕಿದಳು. ಹೆಪ್ಪಿಗೆ ಅಷ್ಟು ಸಾಕು.

ಮರುದಿನ ಬತ್ತಿಗಳನ್ನು ಒತ್ತಿ, ಬುಡ ತಿರುಗಿಸಿ ನೋಡಿದಳು. ಒಂದರಲ್ಲಿ ಅಡ್ಡಗೆರೆ. ಇನ್ನೊಂದರಲ್ಲೂ. ನಲವತ್ತರಲ್ಲೂ. ಗೆದ್ದ ಖುಷಿಯಲ್ಲಿ ತನ್ನ ಗುರುತಿಗಾಗಿ ಹುಡುಕಿದಳು, ಒಂದೂ ಇರಲಿಲ್ಲ. ಹೆಬ್ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಗೆರೆಯೂ ಇಲ್ಲ, ಮೇಣದಷ್ಟು ನುಣುಪು.

ಹಂಡೆಯೊಳಗೆ ಎರಡು ಸಲ ಲೊಚಗುಟ್ಟಿದ ಸದ್ದು.

“ಬಂದೆ, ಇರ್ರೀ,” ಎಂದಳು ಅಕ್ಕ, ಅವನಿದ್ದಾಗ ಎನ್ನುತ್ತಿದ್ದಂತೆ.