ಬೈರಯ್ಯ ಕರೆಸಿದ ಹೆಲಿಕಾಪ್ಟರುಗಳು

ಚನ್ನರಾಯಪಟ್ಟಣದ ಬೈರಯ್ಯ ಜೀವಮಾನದಲ್ಲಿ ಒಮ್ಮೆಯೂ ಹೆಲಿಕಾಪ್ಟರು ಹತ್ತಿದವನಲ್ಲ. ಆದರೆ ಆ ತಾಲ್ಲೂಕಿನಲ್ಲಿ ಹೆಲಿಕಾಪ್ಟರು ಇಳಿಯಬೇಕಾದರೆ ಅವನು ಬೇಕೇ ಬೇಕಿತ್ತು. ಮೈದಾನದ ಕಲ್ಲು ಆಯ್ದು, ನೆಲ ಮಟ್ಟ ಮಾಡಿ, ದೂಳೇಳದಂತೆ ನೀರು ಚೆಲ್ಲಿ, ಸುಣ್ಣದ ಪುಡಿಯಲ್ಲಿ ದೊಡ್ಡದೊಂದು ವೃತ್ತ ಎಳೆದು ಅದರ ನಡುವೆ ಇಂಗ್ಲಿಷಿನ ಎಚ್ ಅಕ್ಷರ ಬರೆಯುವುದು. ಆಕಾಶದಲ್ಲಿ ಸದ್ದು ಕೇಳಿದ ಕೂಡಲೇ ಮೂಲೆಯಲ್ಲಿ ಹಸಿಹುಲ್ಲಿಗೆ ಬೆಂಕಿಯಿಟ್ಟು, ಗಾಳಿ ಎತ್ತ ಬೀಸುತ್ತಿದೆ ಎಂದು ಹೊಗೆಯಲ್ಲಿ ತೋರಿಸುವುದು. ಇಷ್ಟು ಅವನ ಕೆಲಸ. ಓದು ಬಾರದ ಬೈರಯ್ಯನ ಕಣ್ಣಿಗೆ ಆ ಎಚ್ ಒಂದೇ ಮೆಟ್ಟಿಲಿನ ಏಣಿಯಾಗಿ ಕಾಣುತ್ತಿತ್ತು. ಏಣಿ ಬರೆದು ಬರುತ್ತೇನೆ ಎಂದು ಹೆಂಡತಿ ಮಾರಮ್ಮನಿಗೆ ಹೇಳಿ ಹೊರಡುತ್ತಿದ್ದ. ಏಣಿ ಬರೆದವನು ನೆಲದ ಮೇಲೇ ಇರುತ್ತಿದ್ದ, ಇಳಿದವರು ಕಾರು ಹತ್ತಿ ಹೋಗುತ್ತಿದ್ದರು.

ಈ ಕೆಲಸ ಅವನಿಗೆ ಸಿಕ್ಕಿದ್ದು ತೊಂಬತ್ತಮೂರರಲ್ಲಿ, ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ. ದೊಡ್ಡವರೆಲ್ಲ ಮೇಲಿನಿಂದಲೇ ಇಳಿಯತೊಡಗಿದಾಗ ಲೋಕೋಪಯೋಗಿ ಇಲಾಖೆಯವರು ರಸ್ತೆಗೆ ಜಲ್ಲಿ ಹರಡುತ್ತಿದ್ದ ದಿನಗೂಲಿಯವರಲ್ಲಿ ನಾಲ್ಕು ಜನರನ್ನು ಈ ಕಡೆಗೆ ಎಳೆದುಕೊಂಡರು. ಮೂವರು ಮೊದಲ ಹೆಲಿಕಾಪ್ಟರಿನ ಗಾಳಿಗೇ ಹೆದರಿ ಓಡಿದರು. ಬೈರಯ್ಯನ ಟವೆಲು ಹಾರಿ ಜಿನನಾಥಪುರದ ದಿಕ್ಕಿಗೆ ಹೋಯಿತೇ ಹೊರತು ಅವನು ನಿಂತ ಜಾಗ ಬಿಟ್ಟು ಕದಲಲಿಲ್ಲ. ಧೈರ್ಯದಿಂದ ನಿಂತನೋ, ಕಾಲು ಬಾರದೆ ನಿಂತನೋ, ಕೇಳಿದವರಿಗೆ ಅವನು ಸರಿಯಾಗಿ ಹೇಳಲಿಲ್ಲ. ಅಂತೂ ಅಂದಿನಿಂದ ಅವನು ಏರ್‌ಪೋರ್ಟ್ ಬೈರಯ್ಯನಾದ. ಆ ಹೆಸರು ಅವನಿಗೆ ಬಹಳ ಹಿಡಿಸಿತ್ತು. ಯಾರಾದರೂ ಬರೀ ಬೈರಯ್ಯ ಎಂದು ಕರೆದರೆ ಎರಡನೇ ಸಲ ಕರೆಯುವವರೆಗೂ ತಿರುಗುತ್ತಿರಲಿಲ್ಲ.

ನಮ್ಮ ಕಡೆಯ ವಿಮಾನ ಸಂಚಾರಕ್ಕೂ ಮಳೆಬೆಳೆಗೂ ಬಹಳ ವ್ಯತ್ಯಾಸವಿಲ್ಲ. ಚುನಾವಣೆ ಹತ್ತಿರವಾದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಸುಣ್ಣ ಒಣಗಲೂ ಬಿಡುವಿಲ್ಲ. ಮತ ಎಣಿಸಿದ ಮರುದಿನದಿಂದ ಆಕಾಶದಲ್ಲಿ ಹದ್ದುಗಳಷ್ಟೇ. ಗೆದ್ದವರು ಬೆಂಗಳೂರಿನಲ್ಲಿ, ಸೋತವರು ಮನೆಯಲ್ಲಿ. ಆಷಾಢ ಬಂತೆಂದರೆ ಯಾರೂ ಏನನ್ನೂ ಉದ್ಘಾಟಿಸುವುದಿಲ್ಲ. ಪಿತೃಪಕ್ಷ, ಧನುರ್ಮಾಸಗಳಲ್ಲೂ ಹಾಗೆಯೇ. ಪ್ರತಿ ತಾಲ್ಲೂಕಿನಲ್ಲಿ ತಿಂಗಳಿಗೆ ಎಷ್ಟು ಹೆಲಿಕಾಪ್ಟರು ಇಳಿದವು ಎಂದು ಹಾಸನಕ್ಕೆ ವರದಿ ಹೋಗುತ್ತಿತ್ತು. ಅದನ್ನು ಬರೆಯುತ್ತಿದ್ದವರು ಗುಮಾಸ್ತ ಪಂಚಾಕ್ಷರಯ್ಯ. ಅರ್ಧ ವರ್ಷ ಅವರು ಸೊನ್ನೆಯನ್ನೇ ಬರೆಯುತ್ತಿದ್ದರು.

ಆ ಸೊನ್ನೆಗಳು ತನ್ನ ಕೊರಳಿಗೆ ಸುತ್ತಿಕೊಳ್ಳುತ್ತವೆ ಎಂದು ಬೈರಯ್ಯನಿಗೆ ಗೊತ್ತಾದದ್ದು ತೊಂಬತ್ತಾರರಲ್ಲಿ. ದಿನಗೂಲಿಯವರನ್ನು ಖಾಯಂ ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿತ್ತು. ಅವನ ಅಪ್ಪ ದಿನಗೂಲಿ, ತಾತ ದಿನಗೂಲಿ. ಪ್ರತಿ ಬೆಳಿಗ್ಗೆ ಕಚೇರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಇವತ್ತು ಕೆಲಸ ಇದೆಯೋ ಇಲ್ಲವೋ ಎಂದು ಇನ್ನೊಬ್ಬರ ಮುಖ ನೋಡುವುದು ಮೂರು ತಲೆಮಾರಿನಿಂದ ಬಂದ ಆಸ್ತಿ. ಅದೊಂದು ತನಗೆ ಮುಗಿದರೆ ಸಾಕು ಎಂಬುದು ಅವನ ಆಸೆ. ಮಾರಮ್ಮನ ಆಸೆ ಇನ್ನೂ ಸಣ್ಣದು. ತವರೂರು ಬಾಗೂರಿನ ಸಂತೆಯಲ್ಲಿ ಯಾರಾದರೂ ಗಂಡ ಏನು ಮಾಡುತ್ತಾನೆ ಎಂದು ಕೇಳಿದರೆ, ಸರ್ಕಾರಿ ಕೆಲಸ ಎಂದು ಹೇಳಿ ಮುಂದೆ ನಡೆಯಬೇಕು, ಅಷ್ಟೆ.

ದೇವರು ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಪಂಚಾಕ್ಷರಯ್ಯನವರು ಹಾಜರಿ ಪುಸ್ತಕ ತಿರುವಿ ತಲೆಯಾಡಿಸಿದರು.

"ಲೋ ಬೈರ, ಹತ್ತು ವರ್ಷ ಒಂದು ತಿಂಗಳೂ ತಪ್ಪದೆ ನಿನ್ನ ಹೆಸರು ಇರಬೇಕು. ನಿನ್ನ ಹೆಸರು ಬರೋದು ಹೆಲಿಕಾಪ್ಟರು ಬಂದಾಗ ಮಾತ್ರ. ಅದು ಬರದೆ ಇದ್ದ ತಿಂಗಳು ನೀನೂ ಇಲ್ಲ."

"ಅದು ಬರ್ದೆ ಇದ್ರೆ ನಾನೇನ್ ಮಾಡ್ಲಿ ಸಾ?"

"ಬರಿಸು," ಎಂದರು ಪಂಚಾಕ್ಷರಯ್ಯ, ಮತ್ತೆ ತಮ್ಮ ಕಾಗದದೊಳಗೆ ತಲೆ ಹುದುಗಿಸಿ.

ಅವರು ತಮಾಷೆಗೆ ಅಂದರು. ಬೈರಯ್ಯನಿಗೆ ಅಷ್ಟೊಂದು ತಮಾಷೆ ಅರ್ಥವಾಗುತ್ತಿರಲಿಲ್ಲ. ಮರುದಿನದಿಂದಲೇ ಅವನು ಹಳ್ಳಿ ಹಳ್ಳಿ ಸುತ್ತತೊಡಗಿದ. ಎಲ್ಲಿ ಶಾಲೆಯ ಕೋಣೆ ಕಟ್ಟುತ್ತಿದ್ದಾರೆ, ಎಲ್ಲಿ ಕೆರೆಯ ತೂಬು ರಿಪೇರಿಯಾಗುತ್ತಿದೆ ಎಂದು ವಿಚಾರಿಸುವುದು, ಊರ ಯಜಮಾನರ ಜಗಲಿಯ ಕೆಳಗೆ ನಿಂತು ಮೆಲ್ಲಗೆ ಮಾತು ತೆಗೆಯುವುದು. ಪಕ್ಕದೂರಿಗೆ ಮಂತ್ರಿ ಹೆಲಿಕಾಪ್ಟರಿನಲ್ಲಿ ಬಂದಿದ್ದರು, ನಿಮ್ಮೂರಿಗೆ ಬರೀ ಜೀಪೇ ಎಂದು ಕೇಳಿದರೆ ಸಾಕು, ಉಳಿದದ್ದನ್ನು ಊರಿನ ಮಾನವೇ ನೋಡಿಕೊಳ್ಳುತ್ತಿತ್ತು. ಬಸ್ಸು ಬಾರದ ಊರುಗಳಿಗೂ ಹೆಲಿಕಾಪ್ಟರು ಬರತೊಡಗಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಒಂದು ಊರಿನ ಸಮುದಾಯ ಭವನಕ್ಕಂತೂ ಶಂಕುಸ್ಥಾಪನೆಗೆ ಒಬ್ಬರು, ಬಾಗಿಲು ನಿಲ್ಲಿಸಲು ಇನ್ನೊಬ್ಬರು, ತಾರಸಿಗೆ ಮತ್ತೊಬ್ಬರು ಆಕಾಶದಿಂದ ಇಳಿದು ಬಂದರು. ಸುಣ್ಣಬಣ್ಣದ ಪೂಜೆಗೂ ಯಾರನ್ನಾದರೂ ಕರೆಯೋಣವೆಂದು ಬೈರಯ್ಯ ಹೇಳಿದಾಗ ಆ ಊರಿನವರೇ ನಾಚಿಕೊಂಡರು.

ಆದರೆ ಆಷಾಢವನ್ನು ಏನು ಮಾಡುವುದು? ಮೊದಲ ವರ್ಷವೇ ಆ ಸಂಕಟ ಬಂತು. ತಿಂಗಳು ಉರುಳುತ್ತಿತ್ತು, ಒಬ್ಬರೂ ಬರುವ ಸುಳಿವಿಲ್ಲ. ಶುಭಕಾರ್ಯಕ್ಕೆ ಆಷಾಢ ಅಡ್ಡ, ಸಾವಿಗೆ ಅಡ್ಡವಿಲ್ಲ ಎಂಬ ಯೋಚನೆ ಅವನಿಗೆ ಯಾವ ಗಳಿಗೆಯಲ್ಲಿ ಹೊಳೆಯಿತೋ! ಬಾಗೂರಿನ ರುದ್ರಯ್ಯನವರು ಆಗ ಹಾಸಿಗೆ ಹಿಡಿದಿದ್ದರು. ಆ ಸೀಮೆಯ ವೋಟೆಲ್ಲ ಅವರ ಒಂದು ಮಾತಿನ ಮೇಲೆ ನಿಂತಿತ್ತು; ಅವರು ಕಣ್ಣು ಮುಚ್ಚಿದರೆ ಮಂತ್ರಿಗಳು ಹಾರ ಹಿಡಿದು ಹಾರಿ ಬರುವುದರಲ್ಲಿ ಅನುಮಾನವಿರಲಿಲ್ಲ. ಬೈರಯ್ಯ ದಿನಾ ಬಾಗೂರಿಗೆ ಹೋಗಿ ಅಂಗಳದಲ್ಲಿ ನಿಂತು, ಹೇಗಿದ್ದಾರೆ ಎಂದು ಕೇಳತೊಡಗಿದ. ಸ್ವಲ್ಪ ವಾಸಿ ಎಂದರೆ ಮುಖ ಸಣ್ಣದಾಗುತ್ತಿತ್ತು. ಆಮೇಲೆ ದಾರಿಯುದ್ದಕ್ಕೂ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ. ದಾರಿಯ ಮಾರಿಗುಡಿಯ ಮುಂದೆ ಕೈಮುಗಿದರೆ ಏನು ಬೇಡಬೇಕೆಂದೇ ತಿಳಿಯುತ್ತಿರಲಿಲ್ಲ. ರುದ್ರಯ್ಯನವರು ಒಳ್ಳೆಯವರು. ಮಾರಮ್ಮನ ಅಪ್ಪನಿಗೆ ಕಷ್ಟಕಾಲದಲ್ಲಿ ರಾಗಿ ಅಳೆದು ಕೊಟ್ಟವರು. ಅಂಥವರ ಸಾವನ್ನು ಕಾಯುತ್ತಿದ್ದೇನಲ್ಲ ಎಂದು ಅವನಿಗೆ ಅನ್ನ ಸೇರದಾಯಿತು.

ರುದ್ರಯ್ಯನವರು ಹಾಸಿಗೆ ಹಿಡಿದಿದ್ದರೇ ಹೊರತು ಬುದ್ಧಿ ಕಳೆದುಕೊಂಡಿರಲಿಲ್ಲ. ಒಂದು ದಿನ ಅವನನ್ನು ಕಿಟಕಿಯ ಹತ್ತಿರ ಕರೆಸಿದರು.

"ಏನ್ಲಾ ಬೈರ, ದಿನಾ ಬತ್ತೀಯ. ನಾನು ಸತ್ರೆ ಮಂತ್ರಿ ಮೇಲಿಂದ ಇಳೀತಾನೆ ಅಂತ ಕಾಯ್ತಿದ್ದೀಯೇನ್ಲಾ?"

ಸುಳ್ಳು ಹೇಳಬೇಕೆಂದು ಬೈರಯ್ಯ ಬಾಯಿ ತೆರೆದ. ಬಂದದ್ದು ನಿಜ.

"ಊಂ ಬುದ್ದಿ. ಈ ತಿಂಗ್ಳು ಯಾರೂ ಬಂದಿಲ್ಲ."

ರುದ್ರಯ್ಯನವರು ಕೆಮ್ಮು ಬರುವವರೆಗೆ ನಕ್ಕರು, ಕೆಮ್ಮು ನಿಂತ ಮೇಲೆ ಮತ್ತೆ ನಕ್ಕರು. ಅವನ ಕಥೆಯನ್ನೆಲ್ಲ ಕೇಳಿ, ಮಗನನ್ನು ಕರೆದು ಬೆಂಗಳೂರಿಗೆ ಫೋನು ಮಾಡಿಸಿದರು. ಸತ್ತ ಮೇಲೆ ಹಾರ ಹಾಕುವ ಬದಲು ಉಸಿರಿರುವಾಗಲೇ ಒಮ್ಮೆ ಬಂದು ಮುಖ ತೋರಿಸಲಿ ಎಂದು ಹೇಳಿಕಳಿಸಿದರು. ಅಮಾವಾಸ್ಯೆಗೆ ಮೊದಲೇ ಮಂತ್ರಿ ಬಂದಿಳಿದರು. ರೋಗಿಯನ್ನು ನೋಡಲು ಯಾವ ಪಂಚಾಂಗವೂ ಅಡ್ಡ ಬರಲಿಲ್ಲ. ಶ್ರಾವಣದ ಹೊತ್ತಿಗೆ ರುದ್ರಯ್ಯನವರು ಎದ್ದು ಜಗಲಿಯ ಮೇಲೆ ಕೂತರು. ಅಲ್ಲಿಂದ ಮುಂದೆ, ಸರ್ಕಾರಗಳು ಬದಲಾದರೂ, ಪ್ರತಿ ಆಷಾಢದಲ್ಲಿ ಅವರು ತಪ್ಪದೆ ಹಾಸಿಗೆ ಹಿಡಿದರು. ಎಷ್ಟೋ ಪಿತೃಪಕ್ಷ, ಧನುರ್ಮಾಸಗಳಲ್ಲೂ ಅವರಿಗೆ ಮೈ ಸರಿಯಿರುತ್ತಿರಲಿಲ್ಲ.

ಹೀಗೆ ವರ್ಷಗಳು ಕಳೆದವು. ಹಾಸನದ ಕಚೇರಿಯಲ್ಲಿ ತಾಲ್ಲೂಕುಗಳ ಲೆಕ್ಕವನ್ನೆಲ್ಲ ಗೆರೆಯೆಳೆದು ಗೋಡೆಗೆ ಅಂಟಿಸಿದಾಗ ಅಧಿಕಾರಿಗಳು ಬೆರಗಾದರು. ಹೊಳೆನರಸೀಪುರದ ಗೆರೆ ಚುನಾವಣೆಗೆ ಮುಗಿಲು ಮುಟ್ಟಿ ಆಮೇಲೆ ನೆಲಕಚ್ಚುತ್ತಿತ್ತು. ಅರಕಲಗೂಡಿನದು ಯಾವಾಗಲೋ ಒಮ್ಮೆ ತಲೆಯೆತ್ತಿ ಮತ್ತೆ ಮಲಗುತ್ತಿತ್ತು. ಚನ್ನರಾಯಪಟ್ಟಣದ್ದೊಂದೇ ಯಾವ ತಿಂಗಳೂ ಸೊನ್ನೆಗೆ ಇಳಿಯದೆ ಸಾಗಿತ್ತು. ಬೆಂಗಳೂರಿನಿಂದ ಬಂದ ಸಮಿತಿಯೊಂದು ಇದಕ್ಕೆ ಕಾರಣ ಹುಡುಕಿತು. ತೆಂಗಿನ ವ್ಯಾಪಾರ, ಬೆಳಗೊಳದ ಯಾತ್ರಿಕರು, ಹೆದ್ದಾರಿ, ಜನರ ರಾಜಕೀಯ ಪ್ರಜ್ಞೆ ಎಂದೆಲ್ಲ ಬರೆದುಕೊಂಡಿತು. ರುದ್ರಯ್ಯನವರ ಕೆಮ್ಮು ಅದರಲ್ಲಿ ಸೇರಲಿಲ್ಲ. ಇಷ್ಟೊಂದು ಸಂಚಾರವಿರುವ ಕಡೆ ಪ್ರತಿ ಸಲ ಸುಣ್ಣ ಬಳಿಯುವುದು ಸರಿಯಲ್ಲ, ಕಾಂಕ್ರೀಟಿನ ಹೆಲಿಪ್ಯಾಡನ್ನೇ ಕಟ್ಟಿಸಬೇಕು ಎಂದು ಸಮಿತಿ ಶಿಫಾರಸು ಮಾಡಿತು.

ಎರಡು ಸಾವಿರದ ಆರರಲ್ಲಿ, ಬೈರಯ್ಯನಿಗೆ ಹತ್ತು ವರ್ಷ ತುಂಬಲು ಕೆಲವೇ ತಿಂಗಳು ಉಳಿದಿದ್ದಾಗ, ಮೈದಾನದ ಅಂಚಿನಲ್ಲಿ ಕಾಂಕ್ರೀಟು ಬಿತ್ತು. ಕಿರಿಯ ಇಂಜಿನಿಯರು ಚಲುವನಾರಾಯಣ ಅವನನ್ನು ಕರೆದು, ಇನ್ನು ನೀರು ಹೊರುವ ಕಷ್ಟವಿಲ್ಲ ಎಂದು ಖುಷಿಯಿಂದಲೇ ತಿಳಿಸಿದ. ಬೈರಯ್ಯನಿಗೂ ಖುಷಿಯಾಯಿತು. ಇಂಥಾ ಗಟ್ಟಿ ಹೆಲಿಪ್ಯಾಡಿಗೆ ಗಟ್ಟಿ ಆಳೊಬ್ಬ ಬೇಕೇ ಬೇಕು, ಅದು ತಾನಲ್ಲದೆ ಇನ್ನು ಯಾರು? ಅವನೂ ಮಾರಮ್ಮನೂ ಮಾರಿಗುಡಿಯಲ್ಲಿ ಕಾಯಿ ಒಡೆಸಿದರು. ಮಾರಮ್ಮ ಆದೇಶ ಕೈಗೆ ಬರುವ ಮೊದಲೇ ಬಾಗೂರಿನ ಸಂತೆಯಲ್ಲಿ ಸರ್ಕಾರಿ ಕೆಲಸ ಎಂದು ಹೇಳಿಯೂ ಬಿಟ್ಟಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಪಂಚಾಕ್ಷರಯ್ಯನವರು ಈ ಸಲ ಅವನನ್ನು ಕೂರಿಸಿಕೊಂಡು ಹೇಳಿದರು. ಇಷ್ಟು ವರ್ಷದಲ್ಲಿ ಅವರು ಅವನಿಗೆ ಬೆಂಚು ತೋರಿಸಿದ್ದು ಅದೇ ಮೊದಲು.

"ಈ ತಿಂಗಳಿಗೆ ಹತ್ತು ವರ್ಷ ತುಂಬುತ್ತೆ ಕಣೋ, ನಿಜ. ಆದ್ರೆ ನಿನ್ನನ್ನ ಖಾಯಂ ಮಾಡಬೇಕಾದ್ರೆ ಆ ಕೆಲಸ ಇರಬೇಕಲ್ಲ. ಸುಣ್ಣ ಬಳಿಯೋ ಕೆಲಸವೇ ಹೋಯ್ತು. ಕಾಂಕ್ರೀಟಿನ ಮೇಲೆ ಬಣ್ಣದಲ್ಲಿ ಬರೆದಿದ್ದಾರೆ, ಅದು ಅಳಿಸಲ್ಲ."

ಬೈರಯ್ಯ ಎದ್ದು ಹೊರಗೆ ಬಂದು, ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕುಕ್ಕರುಗಾಲಲ್ಲಿ ಕೂತ. ತನ್ನ ಕೆಲಸವನ್ನು ಕಿತ್ತುಕೊಂಡದ್ದು ಇಲಾಖೆಯಲ್ಲ, ಮಂತ್ರಿಯಲ್ಲ. ಊರೂರು ಅಲೆದು ತಾನೇ ಒಂದೊಂದಾಗಿ ಕರೆಸಿದ ಹೆಲಿಕಾಪ್ಟರುಗಳು ಎಂಬುದು ಅವನಿಗೆ ಚೆನ್ನಾಗಿ ಅರ್ಥವಾಗಿತ್ತು. ಸುಮ್ಮನಿದ್ದಿದ್ದರೆ ಸೊನ್ನೆಗಳ ನಡುವೆ ಇನ್ನೂ ಹತ್ತು ವರ್ಷ ಏಣಿ ಬರೆದುಕೊಂಡಿರಬಹುದಿತ್ತು.

ಅಷ್ಟರಲ್ಲಿ ಚಲುವನಾರಾಯಣ ಅವನನ್ನು ಹುಡುಕಿಕೊಂಡು ಬಂದ. ಅವನಿಗೊಂದು ತೊಡಕು ಎದುರಾಗಿತ್ತು. ಹೊಸ ಹೆಲಿಪ್ಯಾಡಿನ ಉದ್ಘಾಟನೆಗೆ ಮಂತ್ರಿಗಳು ಬರುವುದು ಹೆಲಿಕಾಪ್ಟರಿನಲ್ಲಿ. ಉದ್ಘಾಟನೆಯಾಗದ ಹೆಲಿಪ್ಯಾಡಿನ ಮೇಲೆ ಇಳಿಯುವಂತಿಲ್ಲ. ಸುತ್ತ ಟೇಪು ಕಟ್ಟಿದೆ, ಹೂವಿನ ಕುಂಡ ಇಟ್ಟಿದೆ. ಆದ್ದರಿಂದ ಪಕ್ಕದಲ್ಲೇ ತಾತ್ಕಾಲಿಕವಾಗಿ ಒಂದನ್ನು ಬರೆದುಕೊಡಬೇಕಿತ್ತು. ಇದನ್ನು ಕೇಳುವಾಗ ಆ ಹುಡುಗಪ್ರಾಯದ ಇಂಜಿನಿಯರು ಬೈರಯ್ಯನ ಮುಖ ನೋಡಲಿಲ್ಲ, ತನ್ನ ಬೂಟು ನೋಡುತ್ತಿದ್ದ.

ಮನೆಯಲ್ಲಿ ಮಾರಮ್ಮ ಬಾಗಿಲಿಗೆ ಅಡ್ಡ ನಿಂತಳು. ನಿನ್ನ ಗೋರಿಗೆ ನೀನೇ ಸುಣ್ಣ ಬಳಿಯುತ್ತೀಯಾ, ಹೋಗಬೇಡ, ಆ ಮಂತ್ರಿ ಆಕಾಶದಲ್ಲೇ ಸುತ್ತಲಿ ಎಂದು ಅತ್ತಳು.

"ಇಷ್ಟ್ ವರ್ಸ ಕರ್ಸಿದೋನು ನಾನು ಕಣಮ್ಮಿ," ಎಂದ ಬೈರಯ್ಯ. "ಬಂದೋರ್ನ ಇಳುಸ್ಕೊಳ್ದೆ ಎಂಗೆ ಕಳುಸ್ಲಿ?"

ಅಂದು ಅವನು ಬರೆದಷ್ಟು ಅಂದದ ಏಣಿಯನ್ನು ಯಾವತ್ತೂ ಬರೆದಿರಲಿಲ್ಲ. ಹೆಲಿಕಾಪ್ಟರು ಒಂದು ಹಿಡಿ ದೂಳೇಳಿಸದೆ ಇಳಿಯಿತು. ಮಂತ್ರಿಗಳು ಬಿಳಿ ಪಂಚೆ ಕೊಳೆಯಾಗದಂತೆ ನಡೆದು ಹೋಗಿ ಟೇಪು ಕತ್ತರಿಸಿದರು. ಯಾವ ತಿಂಗಳೂ ಹೆಲಿಕಾಪ್ಟರು ತಪ್ಪದ ತಾಲ್ಲೂಕು ಇಡೀ ನಾಡಿನಲ್ಲಿ ಇದೊಂದೇ ಇದ್ದೀತು, ಇದು ನಿಮ್ಮ ಪ್ರೀತಿಯ ಫಲ ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೋಲೂರಿಕೊಂಡು ಕೂತಿದ್ದ ರುದ್ರಯ್ಯನವರು ಮಾತ್ರ ತಟ್ಟಲಿಲ್ಲ, ಹಿಂದೆ ಹಗ್ಗದಾಚೆ ನಿಂತಿದ್ದ ಬೈರಯ್ಯನ ಕಡೆ ತಿರುಗಿ ನೋಡಿದರು.

ಆಮೇಲೆ ಶಾಸ್ತ್ರಕ್ಕೆಂದು ಖಾಲಿ ಹೆಲಿಕಾಪ್ಟರು ಸುಣ್ಣದ ವೃತ್ತದಿಂದ ಎದ್ದು, ನಾಲ್ಕು ಮಾರು ಆಚೆ ಕಾಂಕ್ರೀಟಿನ ಮೇಲೆ ಹೋಗಿ ಕೂತಿತು. ಭಾಷಣ ಮುಗಿಯುವಷ್ಟರಲ್ಲಿ ನೆಲ ಒಣಗಿತ್ತು; ಬೀಸಿದ ಗಾಳಿಗೆ ಬೈರಯ್ಯನ ಏಣಿ ಎದ್ದು ಅವನ ಕಣ್ಣು ಬಾಯಿಗೆಲ್ಲ ಬಿತ್ತು. ಅವನು ಅಳುತ್ತಿದ್ದಾನೆಂದು ಯಾರಿಗೂ ಗೊತ್ತಾಗಲಿಲ್ಲ. ಸುಣ್ಣ ಬಿದ್ದರೆ ಎಲ್ಲರ ಕಣ್ಣಲ್ಲೂ ನೀರು ಬರುತ್ತದೆ. ಪಂಚಾಕ್ಷರಯ್ಯನವರು ಆ ತಿಂಗಳ ವರದಿಯಲ್ಲಿ ಒಂದೇ ದಿನ ಎರಡು ಸಲ ಹೆಲಿಕಾಪ್ಟರು ಇಳಿದದ್ದನ್ನು ಬರೆದು, ಸಂಚಾರ ಹಿಂದಿನ ತಿಂಗಳಿಗಿಂತ ಇಮ್ಮಡಿಯಾಗಿದೆ ಎಂದು ಹಾಸನಕ್ಕೆ ಕಳಿಸಿದರು. ಬೈರಯ್ಯನ ಹೆಸರಿನ ಮುಂದೆ ಒಂದು ದಿನದ ಕೂಲಿ ಬರೆದು, ಕೆಳಗೆ ಗೆರೆ ಎಳೆದರು.