ನೂರು ವೋಲ್ಟಿನ ಡಬ್ಬಿ

ಮತ್ತೋಡಿನಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವವರು ಒಬ್ಬರೇ, ರೇಣುಕಮ್ಮ. ಗಂಡ ರಂಗಪ್ಪ ಇದ್ದಾಗ ಪಕ್ಕದಲ್ಲಿ ಕೂತು ಕಲಿತ ವಿದ್ಯೆ ಅದು. ಅವನು ತೀರಿಕೊಂಡ ಮೇಲೆ, ಹೆಂಗಸು ಸುತ್ತಿದ ಮೋಟಾರು ನೀರೆತ್ತೀತೇ ಎಂದು ಹೊಸದುರ್ಗಕ್ಕೆ ಹೊತ್ತುಕೊಂಡು ಹೋದವರೆಲ್ಲ ಎರಡೇ ವರ್ಷದಲ್ಲಿ ಅವಳ ಅಂಗಡಿ ಮುಂದೆ ಬಂದು ಕುಂತರು. ಅಲ್ಲಿಂದ ಇಲ್ಲಿಯವರೆಗೆ, ಹನ್ನೊಂದು ವರ್ಷದಲ್ಲಿ, ತನ್ನ ಕೈಯಿಂದ ತಪ್ಪಾಯಿತು ಎಂದು ಆಕೆ ಯಾರ ಹತ್ತಿರವೂ ಹೇಳಿದ್ದಿಲ್ಲ. ತಪ್ಪು ಆಗಿರಲಿಲ್ಲ ಅಂತಲ್ಲ, ಹೇಳಿದ್ದಿಲ್ಲ ಅಷ್ಟೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಫ್ಯಾನಿನ ಸದ್ದು ಕೇಳಿಯೇ ವೋಲ್ಟೇಜು ಎಷ್ಟಿದೆ ಎಂದು ಹೇಳುವುದು ಅವಳ ಇನ್ನೊಂದು ಜಂಬ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿಯೂ ಇರುತ್ತಿತ್ತು. ಕೆಟ್ಟಿದ್ದೇ ಅದರಿಂದ.

ಅವಳ ಅಕ್ಕ ಓಬಮ್ಮನ ಮನೆ ಊರಾಚೆ ಹೊಲದಲ್ಲಿತ್ತು. ಭಾವ ನಾಗಭೂಷಣ ಕುರಿ ಸಾಕಿ ಬಾಳಿದವನು. ಉಣ್ಣೆ ಕತ್ತರಿಸಲು ಕುಂತರೆ ಕುರಿ ಒದರುವಷ್ಟರಲ್ಲಿ ಅದನ್ನು ಬೋಳು ಮಾಡಿ ಎಬ್ಬಿಸುತ್ತಿದ್ದ. ಅಂಥವನಿಗೆ ಹೋದ ವರ್ಷ ಲಕ್ವ ಹೊಡೆದು ಬಲಗಡೆ ಬಿದ್ದುಹೋಯಿತು. ಮಾತು ಒಂದೆರಡು ಪದಕ್ಕೆ ಇಳಿಯಿತು. ಕಾಲು ಹೇಗೋ ಸ್ವಲ್ಪ ಚೇತರಿಸಿಕೊಂಡಿತು, ಕೈ ಮಾತ್ರ ತೊಡೆಯ ಮೇಲೆ ಬಿದ್ದದ್ದು ಬಿದ್ದೇ ಇತ್ತು. ಡಾಕ್ಟರು ಹೇಳಿದ ವ್ಯಾಯಾಮ ಮಾಡಿಸಲು ಹೋದರೆ ಮುಖ ತಿರುಗಿಸುತ್ತಿದ್ದ.

ಮಗಳು ಮೋನಿಕಾ ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕಿದ್ದಳು. ಅಲ್ಲಿನ ಮುದುಕರು ಟಿವಿ ಮುಂದೆ ಕೂತು, ಕೈಗೆ ರಿಮೋಟಿನಂಥದ್ದು ಕಟ್ಟಿಕೊಂಡು, ಕೈ ಬೀಸಿ ಚೆಂಡು ಉರುಳಿಸುವ ಆಟ ಆಡುತ್ತಿದ್ದರಂತೆ. ರಜಕ್ಕೆ ಬರುವಾಗ ಅಂಥದೇ ಒಂದು ಹಳೇ ಗೇಮ್ ಡಬ್ಬಿ ಕೊಂಡು ತಂದಳು. ಡಬ್ಬಿಯ ಹಿಂದೆ ನೂರು ವೋಲ್ಟು ಎಂದು ಬರೆದಿತ್ತು, ಜಪಾನಿನ ಮನೆಗಳಿಗೆ ಬರುವುದೇ ಅಷ್ಟು. ನಮ್ಮಲ್ಲಿ ಇನ್ನೂರ ಮೂವತ್ತು ಬರಬೇಕು. ಬರಬೇಕು ಅಂತ ಹೇಳಬಹುದು ಅಷ್ಟೆ. ಓಬಮ್ಮನ ಮನೆಗೆ ಇದ್ದದ್ದು ಪಂಪಿನ ಲೈನು. ಹಗಲು ಕರೆಂಟು ಬರುವುದೇ ಪಂಪು ಓಡುವ ಹೊತ್ತಿಗೆ, ಆಗ ಸುತ್ತಲಿನ ಬೋರುಗಳೆಲ್ಲ ಎಳೆದೆಳೆದು ಮನೆಗೆ ನೂರ ಅರವತ್ತೂ ಉಳಿಯುತ್ತಿರಲಿಲ್ಲ. ಪಂಪುಗಳು ನಿಂತವೋ, ಇನ್ನೂರೈವತ್ತಕ್ಕೆ ಜಿಗಿಯುತ್ತಿತ್ತು.

ಪೇಟೆಯಿಂದ ಟ್ರಾನ್ಸ್‌ಫಾರ್ಮರು ತರಿಸುತ್ತೇನೆಂದಳು ಮೋನಿಕಾ. ರೇಣುಕಮ್ಮನಿಗೆ ಮೈ ಉರಿಯಿತು.

"ನಾನು ಸತ್ತಿದೀನೇನೆ? ಪ್ಯಾಟೆ ಮಾಲು ಈ ಲೈನಿಗೆ ಹಾಕಿದ್ರೆ ಎಪ್ಪತ್ತೂ ಬರಲ್ಲ, ನಿನ್ ಡಬ್ಬಿ ಕಣ್ಣೇ ಬಿಡಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ಎರಡು ದಿನ ಕೂತು ತಾನೇ ಒಂದು ಸುತ್ತಿದಳು, ನಾಲ್ಕು ಹಂತದ ತಿರುಪು ಇಟ್ಟು. ಪಂಪು ಓಡುವಾಗ ತಿರುಪು ನಾಲ್ಕಕ್ಕೆ, ನಿಂತಾಗ ಒಂದಕ್ಕೆ. ಡಬ್ಬಿಗೆ ಸದಾ ನೂರರ ಆಸುಪಾಸು. ಪಂಪು ನಿಂತಾಗ ತಿರುಪು ನಾಲ್ಕರಲ್ಲೇ ಉಳಿದರೆ ಮಾತ್ರ ನೂರೈವತ್ತು ದಾಟಿ ಡಬ್ಬಿ ಸುಟ್ಟುಹೋಗುವುದು.

"ಚಿಕ್ಕಮ್ಮ, ವೋಲ್ಟೇಜ್ ಏರಿದ್ರೆ ತಾನೇ ಆಫ್ ಆಗೋ ಹಂಗೆ ಮಾಡಕ್ಕಾಗಲ್ವಾ?" ಎಂದು ಮೋನಿಕಾ ಕೇಳಿದ್ದು ನಿಜ. ಅಂಥ ಸ್ವಿಚ್ಚು ಹೊಸದುರ್ಗದಲ್ಲೇ ಸಿಗುತ್ತಿತ್ತು.

"ನನ್ ಕಿವಿ ಐತಲ್ಲಮ್ಮ," ಅಂದಳು ರೇಣುಕಮ್ಮ. "ದಿನಾ ನಾನೇ ಬಂದು ಕುಂತ್ಕಂತೀನಿ."

ಕೊಟ್ಟ ಮಾತಿಗೆ ತಪ್ಪಲಿಲ್ಲ. ಮೋನಿಕಾ ವಾಪಸು ಹೋದ ಮೇಲೂ ಮೂರು ಗಂಟೆಗೆ ಅಂಗಡಿ ಬಿಟ್ಟು ಮೊಪೆಡ್ಡಿನಲ್ಲಿ ಬರುವಳು, ತಿರುಪಿನ ಪಕ್ಕ ಕೂರುವಳು. ನಾಗಭೂಷಣ ಎಡಗೈಯಲ್ಲಿ ಕುರ್ಚಿಯ ತೋಳು ಹಿಡಿದುಕೊಳ್ಳುವನು, ಅದನ್ನು ಬಿಟ್ಟರೆ ಒಂದು ಕಡೆ ವಾಲಿ ಬೀಳುತ್ತಿದ್ದ. ಬಲ ಮುಂಗೈಗೆ ಓಬಮ್ಮ ರಿಮೋಟು ಕಟ್ಟುವಳು. ಮೊದಲ ವಾರ ಟಿವಿಯೊಳಗಿನ ಚೆಂಡು ಗುರಿ ಬಿಟ್ಟು ಪಕ್ಕದ ಚರಂಡಿಗೇ ಬಿತ್ತು. ಮೂರನೇ ವಾರ ಕೈ ತೊಡೆ ಬಿಟ್ಟಿತು. ಐದನೇ ವಾರ ಎದೆಯ ಹತ್ತಿರ ಬಂತು, ಒಂದು ಬೆಳಗ್ಗೆ ಅವನು ಅಂಗಿಯ ಒಂದು ಗುಂಡಿ ತಾನೇ ಹಾಕಿಕೊಂಡ. ಓಬಮ್ಮ ಆ ಅಂಗಿಯನ್ನು ಮೂರು ದಿನ ಒಗೆಯಲಿಲ್ಲ. ಕೈ ಬರುತ್ತದೆ ಎಂದು ಮೊಟ್ಟಮೊದಲಿಗೆ ಮೂವರೂ ನಂಬಿದರು.

ಹೀಗಿರುವಾಗ ಒಂದು ದಿನ ಮೂರೂವರೆಗೆ ತೆಂಕಣ ದಿಕ್ಕು ಕಪ್ಪಾಯಿತು. ರೇಣುಕಮ್ಮ ದಡಕ್ಕನೆ ಎದ್ದಳು. ವಾರ್ನಿಷ್ ಹಚ್ಚಿದ ನಾಲ್ಕು ಮೋಟಾರು ಅಂಗಡಿ ಮುಂದೆ ಬಿಸಿಲಿಗಿದ್ದವು, ಒಂದು ಹನಿ ಬಿದ್ದರೂ ವಾರದ ಕೆಲಸ ನೀರುಪಾಲು. ಓಬಮ್ಮ ಆಗಲೇ ಹರವಿದ್ದ ರಾಗಿ ಬಾಚಲು ಅಂಗಳಕ್ಕೆ ಓಡಿದ್ದಳು. ಡಬ್ಬಿ ಆರಿಸಲು ರೇಣುಕಮ್ಮ ಕೈ ಚಾಚಿದಾಗ ನಾಗಭೂಷಣ "ಊಹೂಂ" ಅಂದ. ಅವತ್ತು ಅವನ ಆಟ ಎಂದಿಗಿಂತ ಚೆನ್ನಾಗಿತ್ತು, ಇನ್ನು ಎರಡು ಎಸೆತ ಬಾಕಿ.

"ಆಡ್ತಿರ್ರಿ ಭಾವ, ಈಗ ಬಂದೆ," ಅಂದು ಹೊರಟಳು.

ಮಳೆ ಅವಳು ಅಂಗಡಿ ಮುಟ್ಟುವ ಮೊದಲೇ ಹಿಡಿಯಿತು. ಮೋಟಾರುಗಳನ್ನು ಒಳಗೆ ಎಳೆಯುತ್ತಿದ್ದಳು. ಎದುರಿನ ಹೊಲದ ದೊಡ್ಡತಿಮ್ಮಪ್ಪ ನೆನೆಯುತ್ತಾ ನಗುತ್ತಾ ಪಂಪು ನಿಲ್ಲಿಸಲು ಓಡುವುದು ಕಾಣಿಸಿತು. ಮಳೆ ಬಂದ ಮೇಲೆ ಯಾರಿಗೆ ಬೇಕು ಬೋರಿನ ನೀರು? ಅವನ ಹಿಂದೆಯೇ ಆಚೆಯವನು, ಅದರಾಚೆಯವನು. ಅಂಗಡಿಯ ಫ್ಯಾನು ಗಿರ್ರೆಂದು ಜೋರಾಯಿತು. ಅವಳ ಆ ಹೆಸರುವಾಸಿ ಕಿವಿ ಕೇಳಿಸಿಕೊಂಡಿತು. ಆದರೆ ಕೇಳಿಸಿಕೊಂಡ ಜಾಗ ತಪ್ಪಾಗಿತ್ತು.

ಓಬಮ್ಮನ ಮನೆ ಮುಟ್ಟುವಾಗ ಹೊಸಿಲಿಗೇ ಸುಟ್ಟ ವಾಸನೆ ಬಂತು. ಡಬ್ಬಿಯಿಂದ ಸಣ್ಣಗೆ ಹೊಗೆ. ನಾಗಭೂಷಣ ಕುರ್ಚಿಯಲ್ಲೇ ಇದ್ದ, ಎಡಗೈ ಅದರ ತೋಳನ್ನು ಹಿಡಿದಿತ್ತು. ಬಲಗೈ ತಿರುಪಿನ ಮೇಲಿತ್ತು. ಇಲ್ಲಿಯ ಫ್ಯಾನಿನ ಸದ್ದು ಅವನಿಗೂ ಕೇಳಿಸಿತ್ತು, ಅರ್ಥವೂ ಆಗಿತ್ತು. ಕೈ ಅಲ್ಲಿಯವರೆಗೆ ಹೋಗಿತ್ತು, ಬೆರಳುಗಳಿಗೆ ತಿರುಗಿಸುವ ಕಸುವು ಸಾಲಲಿಲ್ಲ.

ನೆನೆದ ರಾಗಿ ಅಂಟಿದ ಸೆರಗಿನಲ್ಲೇ ಓಬಮ್ಮ ಒಳಗೆ ಬಂದಳು. "ಏನಾತೇ?"

"ಹಳೇ ಸಾಮಾನಕ್ಕ. ತಾನಾಗೇ ಹೋತು," ಅಂದಳು ರೇಣುಕಮ್ಮ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಅದಕ್ಕಿಂತ ಕೆಟ್ಟವಳು, ಕುಣಿಯಲು ಬಂದೂ ಅಂದಳು. ನಾಗಭೂಷಣ ಅವಳ ಮುಖವನ್ನೇ ನೋಡುತ್ತಿದ್ದ. ಆ ನೋಟಕ್ಕೆ ಹೆದರಿ ಅವಳು ಟೀಯನ್ನೂ ಕುಡಿಯದೆ ಹೊರಟಳು.

ಬೇರೆ ಡಬ್ಬಿ ಕಳಿಸುತ್ತೇನೆಂದು ಮೋನಿಕಾ ಫೋನು ಮಾಡಿದಳು. ನಾಗಭೂಷಣ ಬೇಡವೆಂದು ತಲೆ ಆಡಿಸಿದ. ಅಂದಿನಿಂದ ಅವನು ಬಲಗೈಯನ್ನು ಟವೆಲ್ಲಿನೊಳಗೆ ಮುಚ್ಚಿಟ್ಟುಕೊಂಡು ಯಾರಿಗೂ ಮುಟ್ಟಗೊಡಲಿಲ್ಲ. ಮೂರು ಗಂಟೆಯಾದರೆ ರೇಣುಕಮ್ಮ ಅಂಗಡಿಯಲ್ಲೇ ಕೂತು ತಂತಿ ಸುತ್ತುವಳು, ಲೆಕ್ಕ ತಪ್ಪುವಳು, ಬಿಚ್ಚಿ ಮತ್ತೆ ಸುತ್ತುವಳು. ಒಂಬತ್ತನೇ ದಿನ ಓಬಮ್ಮನೇ ನಡೆದುಕೊಂಡು ಬಂದಳು.

"ಒಂದೇ ಮಾತು ಆಡ್ತಾರೆ ಕಣೆ. ಕೈ... ಆಗ್ಲಿಲ್ಲ, ಕೈ... ಆಗ್ಲಿಲ್ಲ ಅಂತಾರೆ, ತಿರುಪಿನ ಕಡೆ ನೋಡ್ತಾರೆ. ತಿರುಗಿಸಿದ್ರೆ ಡಬ್ಬಿ ಉಳೀತಿತ್ತು ಅನ್ನೋ ಹಂಗೆ. ಹೌದೇನೆ?"

ರೇಣುಕಮ್ಮ ಕೈಯಲ್ಲಿದ್ದ ತಂತಿ ಕೆಳಗಿಟ್ಟಳು. ತಾನು ಹೇಳಿದ ಸುಳ್ಳು ಡಬ್ಬಿಯ ಮೇಲೆ ಬಿದ್ದಿದೆ ಎಂದುಕೊಂಡಿದ್ದಳು. ಅದು ಬಿದ್ದದ್ದು ಭಾವನ ಕೈಯ ಮೇಲೆ. ಅಕ್ಕನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಬಂದವಳು, ಭಾವನ ಕುರ್ಚಿಯ ಮುಂದೆ ನಿಂತೇ ಹೇಳಿದಳು.

"ಭಾವ, ತಪ್ಪು ನಂದು. ಆರಿಸಿ ಹೋಗ್ಬೇಕಿತ್ತು, ಹೋಗ್ಲಿಲ್ಲ. ತಾನೇ ಆರೋ ಸ್ವಿಚ್ಚು ಮೋನಿಕಾ ಕೇಳಿದ್ಲು, ಜಂಬಕ್ಕೆ ಹಾಕ್ಲಿಲ್ಲ. ನಾಲ್ಕು ಮೋಟಾರು ಉಳಿಸ್ಕಳಕ್ಕೆ ನಿಮ್ಮನ್ನ ಬಿಟ್ಟು ಓಡ್ದೆ. ಆಮೇಲೆ ಸುಳ್ಳೂ ಹೇಳ್ದೆ. ನಿಮ್ ಕೈ ತಪ್ಪು ಮಾಡ್ಲಿಲ್ಲ."

ಓಬಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಾಗಭೂಷಣನ ಮುಖ ಕೆಂಪೇರಿತು.

"ಒಂಬತ್... ದಿನ," ಅಂದ. "ಹೋಗು."

ರೇಣುಕಮ್ಮ ಕದಲಲಿಲ್ಲ. ಟವೆಲ್ಲು ನೆಲಕ್ಕೆ ಬಿದ್ದಿತ್ತು. ಬಾಗಿಲು ತೋರಿಸುತ್ತಿದ್ದ ಬಲಗೈ ಹೆಗಲಿನ ಮಟ್ಟಕ್ಕೆ ಎದ್ದಿತ್ತು, ತೋರುಬೆರಳು ನೆಟ್ಟಗಾಗಿತ್ತು. ಓಬಮ್ಮನೂ ಅದನ್ನೇ ನೋಡುತ್ತಿದ್ದಳು. ತನ್ನ ಕೈ ಎಲ್ಲಿದೆ ಎಂಬುದು ಅವನೊಬ್ಬನಿಗೇ ತಿಳಿದಿರಲಿಲ್ಲ.

"ಹೋಗು!" ಎಂದು ಇನ್ನೂ ಜೋರಾಗಿ ಕೂಗಿದ.

ಅವಳು ಹೋದಳು. ದಾರಿಯುದ್ದಕ್ಕೂ ಅತ್ತಳು. ಆ ಮನೆಗೆ ಮತ್ತೆ ಯಾವಾಗ ಕರೆಯುತ್ತಾರೋ, ಕರೆಯುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಆದರೂ ಅವನು ಇನ್ನೊಂದು ಸಲ ಕೂಗಿದ್ದರೆ, ಆ ಕೈ ನೋಡಲು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿದ್ದಳು.