ಹೋಗುವಾಗೊಂದು ಏಟು, ಬರುವಾಗೊಂದು

ಬೀದಿದೀಪಗಳು ಇನ್ನೂ ಆರಿಲ್ಲ. ಎರಡನೇ ಮಹಡಿಯ ಪುಟ್ಟ ಕೋಣೆಯಲ್ಲಿ ಪೆಡಲಕ್ಕ ನೆಲದ ಮೇಲೆ ಬೋರಲು ಮಲಗಿದ್ದಾರೆ. ಬಾಯಲ್ಲಿ ಸ್ಕ್ರೂಡ್ರೈವರ್, ಕೈಯಲ್ಲಿ ಎಣ್ಣೆ ಡಬ್ಬಿ. ಮೂಗಿನ ಮುಂದೆ ಒಂದು ಕಬ್ಬಿಣದ ಪೆಡಲ್, ಪೆಡಲಿನ ಮೇಲೊಂದು ದೊಡ್ಡ ಎಡಗಾಲು. ಆ ಕಾಲಿನ ಒಡೆಯರು, ಒಂದು ಕಾಲಕ್ಕೆ ಊರೂರಿಗೆ ಬಸ್ಸು ಓಡಿಸಿದ ಡ್ರೈವರಣ್ಣ, ಕುರ್ಚಿಯಲ್ಲಿ ಕೂತು ಚಡಪಡಿಸುತ್ತಿದ್ದಾರೆ.

"ಆಯ್ತೇನಮ್ಮಾ? ಹಡಗು ನನ್ನ ಬಿಟ್ಟು ಹೋಗಿಬಿಡುತ್ತೆ!"

"ಹಡಗು ಕಟ್ಟಬೇಕಾದೋರೇ ನೀವು. ನಿಮ್ಮನ್ನ ಬಿಟ್ಟು ಎಲ್ಲಿಗೆ ಹೋಗುತ್ತೆ ಅಣ್ಣಾ? ಕಾಲೆತ್ತಿ ಸ್ವಲ್ಪ."

ಹಡಗಿರುವುದು ಟಿವಿ ಪರದೆಯೊಳಗೆ. ದೇಶದೇಶದ ಜನ ಇಂಟರ್ನೆಟ್ಟಿನಲ್ಲಿ ಒಟ್ಟಾಗಿ ಆಡುವ ಆಟವದು. ದಂಡೆಯ ಬಂಡೆಗಳನ್ನು ಒಡೆದೊಡೆದು ಕಬ್ಬಿಣ ಕೂಡಿಸಬೇಕು. ಕಬ್ಬಿಣವಿದ್ದರೆ ಹಡಗು, ಹಡಗಿದ್ದರೆ ಸಮುದ್ರ. ಒಂದೊಂದು ಬಂಡೆಗೂ ಹತ್ತಾರು ಏಟು, ಒಡೆಯಬೇಕಾದ ಬಂಡೆಗಳೋ ನೂರಾರು. ಅಜ್ಜಿಕಥೆಯ ರಾಜಕುಮಾರನಿಗೆ ಮರಳಲ್ಲಿ ಬೆರೆತ ಸಾಸಿವೆಯನ್ನು ಕಾಳುಕಾಳಾಗಿ ಆರಿಸೆಂದು ಹೇಳುತ್ತಾರಲ್ಲ, ಥೇಟ್ ಹಾಗೆ! ಕಥೆಯಲ್ಲಾದರೆ ಇರುವೆಗಳ ಸಾಲು ಬಂದು ನೆರವಾಗುತ್ತದೆ. ಇಲ್ಲಿ ಬಂದಿರುವುದು ಹೊಲಿಗೆ ಯಂತ್ರ ರಿಪೇರಿ ಮಾಡುವ ಹೆಂಗಸು.

ಅಪಘಾತವೊಂದರಲ್ಲಿ ಡ್ರೈವರಣ್ಣನ ಎರಡೂ ಕೈಗಳು ಸುಮ್ಮನಾಗಿಬಿಟ್ಟಿವೆ. ಬಲಗಾಲೂ ಅಷ್ಟಕ್ಕಷ್ಟೆ. ಹೇಳಿದ ಮಾತು ಕೇಳುವುದು ಕತ್ತು ಮತ್ತು ಕ್ಲಚ್ ತುಳಿದು ಪಳಗಿದ ಎಡಗಾಲು. ತಲೆಗೆ ಕಟ್ಟಿದ ಪಟ್ಟಿ ಅವರು ಹೊರಳಿದತ್ತ ಆಟದ ನೋಟವನ್ನು ಹೊರಳಿಸುತ್ತದೆ. ಸುತ್ತಿಗೆಯ ಏಟು ಮಾತ್ರ ಪೆಡಲಿನದು. ಜೊತೆಯ ನಾಲ್ವರು ಆಟಗಾರರು ತಮ್ಮ ತಮ್ಮ ಹಡಗು ಕಟ್ಟಿಕೊಂಡು ಬಂದರಿನಲ್ಲಿ ಇವರಿಗಾಗಿ ಕಾದಿದ್ದಾರೆ. ಇವತ್ತು ಬೆಳಗ್ಗೆ ಒಂಬತ್ತಕ್ಕೆ ಆಟದ ಸೀಸನ್ ಮುಗಿಯುತ್ತದೆ. ಅಷ್ಟರೊಳಗೆ ಹಡಗು ನೀರಿಗಿಳಿದರೆ ಅದು ಶಾಶ್ವತವಾಗಿ ಇವರದೇ. ಇಳಿಯದಿದ್ದರೆ ಕೂಡಿಸಿದ್ದೆಲ್ಲ ಸೊನ್ನೆ, ಮತ್ತೆ ಮೊದಲ ಬಂಡೆಯಿಂದ ಶುರು.

ಪೆಡಲಕ್ಕ ಈ ಕಸುಬು ಕಲಿತಿದ್ದು ಅಪ್ಪನ ಅಂಗಡಿಯಲ್ಲಿ. ಅಪ್ಪ ಹೋದ ಹೊಸತರಲ್ಲಿ ಗಿರಾಕಿಗಳು ಬಾಗಿಲಲ್ಲೇ ನಿಂತು, "ಒಳಗೆ ಗಂಡಸರು ಯಾರೂ ಇಲ್ವಾ?" ಎನ್ನುತ್ತಿದ್ದರು. "ಇದಾರೆ, ರಿಪೇರಿಗೆ ಬಂದಿದಾರೆ, ಬಿಚ್ಚಿಟ್ಟಿದೀನಿ ಅಂತಿದ್ದೆ" ಎಂದು ಪೆಡಲಕ್ಕ ಈಗ ನಗುತ್ತಾರೆ. ಮನೆಮನೆಯ ಹೊಲಿಗೆ ಯಂತ್ರಗಳು ಮೂಲೆ ಸೇರಿದ ಮೇಲೆ ಅಂಗಡಿ ನೊಣ ಹೊಡೆಯತೊಡಗಿತು. ಆಗ ದರ್ಜಿಯೊಬ್ಬರು, ಒಂದೇ ಕೈಯಲ್ಲಿ ಇಂಥ ಟಿವಿ ಆಟ ಆಡುವ ತಮ್ಮ ಮಗಳಿಗಾಗಿ, ಕಾಲಲ್ಲಿ ಒತ್ತುವಂಥದ್ದೇನಾದರೂ ಮಾಡಿಕೊಡಿ ಎಂದು ಕೇಳಿದರು. ಅಲ್ಲಿಂದ ಶುರುವಾದ ಕೆಲಸವಿದು. ಹಳೆಯ ಪೆಡಲ್, ಮಿಕ್ಸಿಯ ಗುಂಡಿ, ಗಡಿಯಾರದ ಸ್ಪ್ರಿಂಗು, ಏನು ಸಿಕ್ಕರೆ ಅದು. ಗಲ್ಲದಿಂದ ಒತ್ತುವುದು, ಮೊಣಕೈಯಿಂದ ತಳ್ಳುವುದು, ಬಗೆಬಗೆಯವು ಆಗಿವೆ. ವಾರಕ್ಕೊಂದಾದರೂ ಹೊಸದು ಅಂಗಡಿಯಿಂದ ಹೊರಡುತ್ತದೆ.

ಡ್ರೈವರಣ್ಣನ ಪೆಡಲಿನ ಕಥೆ ಮಾತ್ರ ಬೇರೆ. ಮೊದಲ ಸಲ ಮರುಕಪಟ್ಟು ಅದಕ್ಕೊಂದು ಮೋಟಾರು ಕೂರಿಸಿದರು. ಒಮ್ಮೆ ತುಳಿದರೆ ಸಾಕು, ಏಟಿನ ಮೇಲೆ ಏಟು ತಾನಾಗಿಯೇ ಬೀಳುತ್ತಿತ್ತು, ಒಂದು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ. "ಹೊಲಿಗೆ ಸಮ ಬರ್ಲಿಲ್ಲ ಅಂದ್ರೆ ನನಗೆ ಊಟ ಸೇರಲ್ಲ. ಅದೇ ಬುದ್ಧಿ ಇಲ್ಲೂ ಓಡಿಸಿದೆ. ಅಲ್ಲೇ ಎಡವಟ್ಟಾಯ್ತು" ಎಂದು ಪೆಡಲಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಆಟ ನಡೆಸುವವರು ಆ ಸಮವಾದ ಏಟುಗಳನ್ನು ನೋಡಿ, ಇದು ಮನುಷ್ಯನಲ್ಲ, ಯಾವುದೋ ಯಂತ್ರ ಆಡುತ್ತಿದೆ ಎಂದು ಡ್ರೈವರಣ್ಣನನ್ನು ಹೊರಹಾಕಿಬಿಟ್ಟರು.

"ಇವರು ಮನುಷ್ಯರಲ್ಲ ಅಂತ ಮದುವೆಯಾದಾಗಿಂದ ನಾನೂ ಹೇಳ್ತಾನೇ ಇದೀನಿ, ಯಾರು ಕೇಳಿದ್ರು?" ಎನ್ನುತ್ತಾರೆ ಡ್ರೈವರಣ್ಣನ ಹೆಂಡತಿ.

ನಗುವುದು ಈಗ. ಆಗ ಡ್ರೈವರಣ್ಣ ಟಿವಿಯ ಕಡೆ ಮುಖವನ್ನೇ ತಿರುಗಿಸದೆ ಕೂತಿದ್ದರು. ಹೆಂಡತಿಯೇ ಗಂಡನ ಕಾಲಿನ ವಿಡಿಯೊ ತೆಗೆದು ಆಟದವರಿಗೆ ಕಳಿಸಿದರು. ಬಾಗಿಲೇನೋ ತೆರೆಯಿತು, ಆದರೆ ಪ್ರತಿ ಏಟೂ ಆಡುವವರದೇ ಆಗಿರಬೇಕೆಂಬ ಮಾತಿನ ಮೇಲೆ. ಸೀಸನ್ನಿನ ಬಹುಪಾಲು ಅಷ್ಟರಲ್ಲಿ ಸರಿದುಹೋಗಿತ್ತು. ಪೆಡಲಕ್ಕ ಮೋಟಾರು ಕಿತ್ತರು. ತುಳಿದಾಗ ಒಂದು ಏಟು, ಪೆಡಲ್ ಮೇಲೆ ಬರುವಾಗ ಇನ್ನೊಂದು ಬೀಳುವ ಹಾಗೆ ಮೇಲೂ ಕೆಳಗೂ ಒಂದೊಂದು ಗುಂಡಿ ಕೂರಿಸಿದರು. ಆ ಮನುಷ್ಯನ ಕಾಲು ಹೇಗೆ ಓಡುತ್ತದೋ ಏಟೂ ಹಾಗೇ, ಒಮ್ಮೆ ಬಿರುಸು, ಒಮ್ಮೆ ಮೆಲ್ಲಗೆ. ಅದನ್ನು ನೋಡಿ ಆಟದವರು ಹೂಂ ಅಂದರು.

"ಬುದ್ಧಿ ಅಂದ್ರೆ ಇದು! ಹೋಗೋ ಟ್ರಿಪ್ಪೂ ಫುಲ್ಲು, ಬರೋ ಟ್ರಿಪ್ಪೂ ಫುಲ್ಲು" ಎಂದು ಡ್ರೈವರಣ್ಣ ಹಿಗ್ಗುತ್ತಾರೆ.

ಕಿಟಕಿಯಲ್ಲಿ ಬಿಸಿಲು ಬಂದಿದೆ. ಟಕ್ ಟಕ್, ಟಕ್ ಟಕ್. ಬಂಡೆಗಳು ಪುಡಿಯಾಗುತ್ತಿವೆ. ಸ್ಪೀಕರಿನಲ್ಲಿ ಜೊತೆಯ ಆಟಗಾರ್ತಿಯೊಬ್ಬರ ದನಿ. ದೂರದ ಆಸ್ಪತ್ರೆಯೊಂದರ ನರ್ಸಮ್ಮ ಆಕೆ. "ಅಣ್ಣಾ, ಇನ್ನು ಮೂರೇ ಬಂಡೆ! ಹೊಡೀರಿ!"

ಅಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ಡ್ರೈವರಣ್ಣ ಹಲ್ಲು ಕಚ್ಚುತ್ತಾರೆ. ಕಾಲು ಪೆಡಲನ್ನು ಅರ್ಧದಷ್ಟೂ ಇಳಿಸಲಾರದು. ಹೆಂಡತಿ ಓಡಿ ಬಂದು ಕಾಲು ತಿಕ್ಕುತ್ತಾರೆ. ಪೆಡಲಕ್ಕನ ಕೈ ತಾನಾಗಿಯೇ ಪೆಡಲಿನತ್ತ ಹೋಗುತ್ತದೆ.

"ಒತ್ತಬೇಡ!" ಡ್ರೈವರಣ್ಣ ಗುಡುಗುತ್ತಾರೆ. "ಸೋತ್ರೆ ಸೋಲ್ತೀನಿ. ಏಟು ನಂದೇ ಆಗ್ಬೇಕು."

"ಒತ್ತಲ್ಲ ಅಣ್ಣಾ. ಸ್ಪ್ರಿಂಗ್ ಸಡಿಲ ಮಾಡ್ತೀನಿ, ಅಷ್ಟೇ."

ಮತ್ತೆ ನೆಲದ ಮೇಲೆ ಬೋರಲು. ಸ್ಕ್ರೂ ಒಂದು ಸುತ್ತು ಹಿಂದಕ್ಕೆ, ಇನ್ನೊಂದು ಅರ್ಧ ಸುತ್ತು. ಈಗ ಪೆಡಲನ್ನು ಒತ್ತಬೇಕಿಲ್ಲ, ಕಾಲಿಟ್ಟರೆ ಸಾಕು. ಕಾಲು ಇಳಿಯುತ್ತದೆ, ಟಕ್. ಸ್ವಲ್ಪ ಎತ್ತಿದರೆ ಪೆಡಲ್ ಏಳುತ್ತದೆ, ಟಕ್. ಬಲು ನಿಧಾನ. ಹೆಂಡತಿಯ ಕಣ್ಣು ಗಡಿಯಾರದ ಮೇಲೆ, ನರ್ಸಮ್ಮನ ಉಸಿರು ಸ್ಪೀಕರಿನಲ್ಲಿ. ಒಂದು ಬಂಡೆ ಒಡೆಯಿತು. ಇನ್ನೊಂದು. ಕೊನೆಯದು ಬಿರುಕು ಬಿಟ್ಟು, ಇನ್ನೂ ಬಿರುಕು ಬಿಟ್ಟು, ಪುಡಿಪುಡಿ! ಪರದೆಯ ಮೇಲೆ ಹಲಗೆಗೆ ಹಲಗೆ ಕೂಡಿ, ಹಾಯಿ ಬಿಚ್ಚಿಕೊಂಡು, ಕೆಂಪು ಹಡಗೊಂದು ದಢಾರನೆ ನೀರಿಗಿಳಿಯುತ್ತದೆ. ಒಂಬತ್ತಕ್ಕೆ ಇನ್ನೂ ನಾಲ್ಕು ನಿಮಿಷವಿದೆ.

"ರೈಟ್ ರೈಟ್!" ಎಂದು ಡ್ರೈವರಣ್ಣ ಕಿರುಚುತ್ತಾರೆ. ಕೆಳಗಿನ ಮನೆಯವರು ಏನಾಯಿತೋ ಎಂದು ಮೆಟ್ಟಿಲಲ್ಲಿ ಇಣುಕುತ್ತಾರೆ. ಐದು ಹಡಗುಗಳು ಸಾಲಾಗಿ ಬಂದರು ದಾಟುತ್ತವೆ, ಮುಂದೆ ಸಮುದ್ರವೋ ಸಮುದ್ರ! ಕಾಲು ತಿಕ್ಕುತ್ತಿದ್ದ ಹೆಂಡತಿ ತಿಕ್ಕುವುದನ್ನೇ ಮರೆತು ನೋಡುತ್ತಾರೆ.

ಪೆಡಲಕ್ಕ ಒಂದು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾರೆ. ಅವರಿಗಿರುವುದು ಒಂದೇ ಆಸೆ. "ಗುಂಡಿ ಒಂದ್ಸಲ ಒತ್ತಿ ಹಿಡ್ಕೊಂಡ್ರೆ ಬಂಡೆ ಒಡೆಯೋ ಹಾಗೆ ಆಟದೋರೇ ಒಂದು ಅನುಕೂಲ ಇಟ್ಟುಬಿಟ್ರೆ ಸಾಕು. ಆಮೇಲೆ ನನ್ನ ಪೆಡಲ್‌ನ ಯಾರೂ ಕೇಳಲ್ಲ. ಕೇಳದೇ ಇರ್ಲಿ, ಒಳ್ಳೇದೇ."

ಮೆಟ್ಟಿಲಿಳಿಯಲು ಹೊರಟವರು ಬಾಗಿಲಲ್ಲಿ ನಿಂತು, ಪರದೆಯನ್ನಲ್ಲ, ಕುರ್ಚಿಯ ಕೆಳಗಿನ ಪೆಡಲನ್ನೊಮ್ಮೆ ನೋಡುತ್ತಾರೆ. "ಆದ್ರೂ ನೋಡಿ, ಅಷ್ಟೊಂದು ತುಳಿದ್ರಲ್ಲ, ಒಂದ್ಸಲನಾದ್ರೂ ಕಿರ್ ಅಂದಿದ್ಯಾ?"